ಸಂದರ್ಶನದ ಭಾಷೆ, ಕೌಂಟರಿನ ಭಾಷೆ: ಬ್ಯಾಂಕ್ ನೇಮಕಾತಿಯ ಒಂದು ಭಾಷಿಕ ವಿವೇಚನೆ

ಬ್ಯಾಂಕಿನ ಗ್ರಾಹಕ ಸೇವಾ ಹುದ್ದೆಯು ಮೂಲತಃ ಮಾತಿನ ಹುದ್ದೆ. ಪಾಸ್‌ಪುಸ್ತಕ ಹಿಡಿದು ಬಂದ ವೃದ್ಧೆಯ ಅಳಲನ್ನು ಗ್ರಹಿಸಿ, ಆಕೆಗೆ ತಿಳಿಯುವಂತೆ ಉತ್ತರಿಸುವುದೇ ಅದರ ತಿರುಳು. ಇಂತಹ ಹುದ್ದೆಗೆ ಆರಿಸುವಾಗ ಅಭ್ಯರ್ಥಿಯ ಯಾವ ಮಾತನ್ನು ಆಲಿಸಲಾಗುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಕುಕ್ ಟೌನ್ ಪರಿಸರವನ್ನು ಗಮನದಲ್ಲಿರಿಸಿಕೊಂಡು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

೧. ಪರಿಸರ

ಕುಕ್ ಟೌನ್ ಇರುವ ದಂಡು ಪ್ರದೇಶವು 1881ರಿಂದ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲಿದ್ದು, 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಹಾಗೂ ಕನ್ನಡಗಳು ಇಲ್ಲಿ ಒಟ್ಟಿಗೆ ಬಾಳಿವೆ. ಇಲ್ಲಿನ ಯುವಕನೊಬ್ಬನಿಗೆ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ ಎಂಬುದು ಅಪರೂಪವಲ್ಲ. ಕನ್ನಡವನ್ನು ಸರಾಗವಾಗಿ ಆಡಬಲ್ಲ ಅಂಥವನಿಗೆ ಅದರ ಓದು ಬರಹ ತೊಡಕಾಗಬಹುದು.

೨. ಸಂದರ್ಶನವೆಂಬ ಮಾತಿನ ಪ್ರಕಾರ

‘ಸಂದರ್ಶನ’ ಎಂಬ ಪದದೊಳಗೆ ಚೆನ್ನಾಗಿ ಕಾಣುವ ಅರ್ಥವಿದೆ. ಆದರೆ ಅಭ್ಯರ್ಥಿಯ ಅನುಭವದಲ್ಲಿ ಅದು ಕಾಣಿಸಿಕೊಳ್ಳುವ ಕ್ರಿಯೆ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಮೊದಲ ಪ್ರಶ್ನೆಗೆ ಕನ್ನಡದ ವಾಡಿಕೆಯಲ್ಲಿ ಊರು, ಮನೆತನ, ಓದು ಉತ್ತರವಾಗುತ್ತವೆ. ಆತ್ಮಪ್ರಶಂಸೆ ಅಲ್ಲಿ ಸಲ್ಲದು. ಸಂದರ್ಶಕರು ನಿರೀಕ್ಷಿಸುವುದಾದರೋ ಸಾಮರ್ಥ್ಯಗಳ ಪಟ್ಟಿಯನ್ನು. ಸಿಟ್ಟಾದ ಗ್ರಾಹಕರನ್ನು ಹೇಗೆ ಸಮಾಧಾನಪಡಿಸುವಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ದೊರೆಯುವುದು ಬಾಯಿಪಾಠದ ಇಂಗ್ಲಿಷ್ ಉತ್ತರ. ‘ಸ್ವಲ್ಪ ಕೂತ್ಕೊಳ್ಳಿ ಅಮ್ಮಾ, ನೋಡ್ತೀನಿ’ ಎಂಬ ಕೌಂಟರಿನ ಮಾತಿಗೆ ಅಲ್ಲಿ ಎಡೆಯಿಲ್ಲ. ಹೀಗಾಗಿ ಕಾನ್ವೆಂಟಿನಲ್ಲಿ ಓದಿದ ದಂಡಿನ ಅಭ್ಯರ್ಥಿಗೆ ದೊರೆಯುವ ಅನುಕೂಲವು ರಾಯಚೂರಿನ ಹಳ್ಳಿಯಿಂದ ಬಂದವನಿಗೆ ದೊರೆಯದು.

೩. ಸಂದರ್ಶನ ರದ್ದಾದ ನಂತರ

ಕೇಂದ್ರ ಸರ್ಕಾರವು ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನು 2016ರ ಜನವರಿಯಿಂದ ಕೈಬಿಟ್ಟಿತು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಿಗೂ ಇದು ಅನ್ವಯವಾಯಿತು. ಶಿಫಾರಸು, ಲಂಚಗಳಿಗೆ ತಡೆಯೊಡ್ಡುವ ಈ ಕ್ರಮ ಸ್ವಾಗತಾರ್ಹವೇ. ಖಾಸಗಿ ಬ್ಯಾಂಕುಗಳಲ್ಲಿ ಸಂದರ್ಶನ ಮುಂದುವರಿದಿದೆ. 2021ರ ಸೆಪ್ಟೆಂಬರಿನಲ್ಲಿ ಗುಮಾಸ್ತ ಹುದ್ದೆಯ ಪ್ರಾಥಮಿಕ ಹಾಗೂ ಮುಖ್ಯ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಹಣಕಾಸು ಸಚಿವಾಲಯ ಶಿಫಾರಸು ಮಾಡಿತು. ಗುಮಾಸ್ತರನ್ನು ಈಗ ‘ಗ್ರಾಹಕ ಸೇವಾ ಸಹವರ್ತಿ’ ಎಂಬರ್ಥದ ಹೆಸರಿನಿಂದ ಕರೆಯಲಾಗುತ್ತಿದೆ. ಹೆಸರಿನಲ್ಲಿಯೇ ಸೇವೆ ಸೇರಿಕೊಂಡಿದೆ.

ಆದರೂ 200 ಅಂಕಗಳ ಮುಖ್ಯ ಪರೀಕ್ಷೆಯಲ್ಲಿ 40 ಅಂಕಗಳು ಇಂಗ್ಲಿಷಿಗೆ ಮೀಸಲು. ಕನ್ನಡ ಜ್ಞಾನಕ್ಕೆ ಅಂಕವಿಲ್ಲ. ಸ್ಥಳೀಯ ಭಾಷೆಯ ಪರೀಕ್ಷೆಯು ಕೇವಲ ಅರ್ಹತೆಯ ಪರೀಕ್ಷೆ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ನೇಮಕಾತಿಯಲ್ಲಿ ಹತ್ತು ಅಥವಾ ಹನ್ನೆರಡನೆಯ ತರಗತಿಯಲ್ಲಿ ಆ ಭಾಷೆಯನ್ನು ಓದಿದ ದಾಖಲೆಯಿದ್ದರೆ ಅದರಿಂದಲೂ ವಿನಾಯಿತಿಯುಂಟು. ಅಂದರೆ ಅಂಕಪಟ್ಟಿಯೇ ನಾಲಗೆಗೆ ಸಾಕ್ಷಿ. ಪರೀಕ್ಷೆಗಷ್ಟೇ ಕನ್ನಡ ಓದಿ ಮರೆತವನು ವಿನಾಯಿತಿ ಪಡೆಯುತ್ತಾನೆ. ಅದನ್ನು ದಿನವೂ ಆಡುವ ಕುಕ್ ಟೌನಿನ ಯುವಕ ಪರೀಕ್ಷೆಗೆ ಕೂರಬೇಕಾಗುತ್ತದೆ.

೪. ಉಪಸಂಹಾರ

ಹಿಂದಿನ ಸಂದರ್ಶನವು ಅಭ್ಯರ್ಥಿಯ ಮಾತನ್ನು ಬೇರೊಂದು ಭಾಷೆಯಲ್ಲಿ ಆಲಿಸಿತು. ಇಂದಿನ ವ್ಯವಸ್ಥೆ ಹಲವರ ಮಾತನ್ನು ಆಲಿಸುವುದೇ ಇಲ್ಲ. ಎರಡರಲ್ಲಿಯೂ ಗ್ರಾಹಕನ ಭಾಷೆ ಹೊರಗುಳಿದಿದೆ. ಸಂದರ್ಶನವನ್ನು ಮರಳಿ ತರುವುದು ಇದಕ್ಕೆ ಪರಿಹಾರವಲ್ಲ. ಖಾತೆ ತೆರೆಯುವುದು, ಕಳೆದ ಕಾರ್ಡನ್ನು ತಡೆಹಿಡಿಯುವುದು ಮುಂತಾದ ಕೌಂಟರಿನ ಸನ್ನಿವೇಶಗಳನ್ನು ಆಧರಿಸಿ, ಆಲಿಸುವ ಮತ್ತು ಆಡುವ ಕೌಶಲವನ್ನು ಕನ್ನಡದಲ್ಲಿ ಅಳೆಯುವ, ಅಂಕವುಳ್ಳ ಪರೀಕ್ಷೆ ಬೇಕು. ಮಾತನ್ನು ಧ್ವನಿಮುದ್ರಿಸಿ, ಹೆಸರು ಮರೆಮಾಚಿ ಮೌಲ್ಯಮಾಪನ ಮಾಡಿದರೆ ಪಕ್ಷಪಾತಕ್ಕೂ ಅವಕಾಶ ಕಡಿಮೆ. ಅಂತಹ ಪ್ರಶ್ನೆಗಳನ್ನು ರೂಪಿಸುವ ಹೊಣೆಯನ್ನು ಕನ್ನಡ ಅಧ್ಯಯನ ವಿಭಾಗಗಳು ವಹಿಸಿಕೊಳ್ಳಬಹುದಾಗಿದೆ.