ಆಂಬ್ಯುಲೆನ್ಸ್ ವಾಹನಗಳ ಮೇಲೆ ನೋಂದಣಿ ಸಂಖ್ಯೆಯ ಪ್ರದರ್ಶನ: ಮಾಲೀಕರು ಅರಿತಿರಬೇಕಾದ ನಿಯಮಗಳು

ಆಸ್ಪತ್ರೆಗಳು, ನರ್ಸಿಂಗ್ ಹೋಂಗಳು ಮತ್ತು ಸೇವಾ ಸಂಸ್ಥೆಗಳಷ್ಟೇ ಅಲ್ಲದೆ ಅನೇಕ ಕಾರ್ಖಾನೆಗಳೂ ತಮ್ಮ ಕಾರ್ಮಿಕರ ಅನುಕೂಲಕ್ಕಾಗಿ ಸ್ವಂತ ಆಂಬ್ಯುಲೆನ್ಸ್ ವಾಹನಗಳನ್ನು ಇರಿಸಿಕೊಂಡಿವೆ. ಇಂತಹ ವಾಹನವನ್ನು ಕೊಳ್ಳುವಾಗ ಸ್ಟ್ರೆಚರ್, ಆಮ್ಲಜನಕದ ಸಿಲಿಂಡರ್, ಸೈರನ್ ಮೊದಲಾದವುಗಳ ಬಗ್ಗೆ ಸಾಕಷ್ಟು ಎಚ್ಚರ ವಹಿಸಲಾಗುತ್ತದೆ. ಆದರೆ ವಾಹನದ ಮೇಲೆ ನೋಂದಣಿ ಸಂಖ್ಯೆಯನ್ನು ಹೇಗೆ, ಎಲ್ಲಿ, ಯಾವ ಬಣ್ಣದಲ್ಲಿ ಪ್ರದರ್ಶಿಸಬೇಕೆಂಬ ವಿಷಯವನ್ನು ಸಾಮಾನ್ಯವಾಗಿ ಸ್ಟಿಕರ್ ಅಂಗಡಿಯವರ ವಿವೇಚನೆಗೆ ಬಿಟ್ಟುಬಿಡುವುದು ರೂಢಿ. ಜೀವ ಉಳಿಸುವ ವಾಹನಕ್ಕೆ ಸಂಖ್ಯಾಫಲಕದ ನಿಯಮವನ್ನು ಯಾರು ಕೇಳುತ್ತಾರೆ ಎಂಬ ಭಾವನೆಯೂ ಇದರ ಹಿಂದೆ ಇದೆ. ಕಾನೂನಿನ ದೃಷ್ಟಿಯಲ್ಲಿ ಈ ಭಾವನೆ ಸರಿಯಲ್ಲ. ಸಂಬಂಧಪಟ್ಟ ನಿಯಮಗಳನ್ನು ಸದಸ್ಯರ ಅನುಕೂಲಕ್ಕಾಗಿ ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ನೋಂದಣಿ ಮತ್ತು ಪ್ರದರ್ಶನ: ಎರಡೂ ಒಂದೇ ಕರ್ತವ್ಯ

ಮೋಟಾರು ವಾಹನಗಳ ಅಧಿನಿಯಮ, 1988ರ 39ನೇ ಕಲಮು ನೋಂದಣಿಯ ಅಗತ್ಯವನ್ನು ವಿಧಿಸುತ್ತದೆ. ಈ ಕಲಮನ್ನು ಗಮನವಿಟ್ಟು ಓದಿದರೆ ಒಂದು ಮುಖ್ಯ ಅಂಶ ಕಂಡುಬರುತ್ತದೆ. ವಾಹನವು ನೋಂದಣಿಯಾಗಿರಬೇಕು, ನೋಂದಣಿ ಪತ್ರ ರದ್ದಾಗಿರಬಾರದು ಅಥವಾ ಅಮಾನತಿನಲ್ಲಿರಬಾರದು ಎಂಬುದರ ಜೊತೆಗೆ, ನೋಂದಣಿ ಚಿಹ್ನೆಯನ್ನು ವಿಧಿಸಲಾದ ರೀತಿಯಲ್ಲಿ ಪ್ರದರ್ಶಿಸಿರಬೇಕು ಎಂಬ ಷರತ್ತೂ ಅದೇ ಕಲಮಿನಲ್ಲಿ ಸೇರಿದೆ. ಅಂದರೆ ಆರ್.ಸಿ. ಪುಸ್ತಕ ಕಚೇರಿಯ ಕಪಾಟಿನಲ್ಲಿ ಭದ್ರವಾಗಿದ್ದ ಮಾತ್ರಕ್ಕೆ ಮಾಲೀಕರ ಕರ್ತವ್ಯ ಮುಗಿಯುವುದಿಲ್ಲ. ಸಂಖ್ಯೆಯು ನಿಯಮದಂತೆ ಕಾಣಿಸದ ವಾಹನವನ್ನು ರಸ್ತೆಗೆ ಇಳಿಸುವುದು ಇದೇ ಕಲಮಿನ ಉಲ್ಲಂಘನೆಯಾಗುತ್ತದೆ.

ನೋಂದಣಿ ಚಿಹ್ನೆಯನ್ನು ನೀಡುವ ಅಧಿಕಾರ 41ನೇ ಕಲಮಿನ 6ನೇ ಉಪಕಲಮಿನಿಂದ ಬಂದದ್ದು. ರಾಜ್ಯಕ್ಕೆ ಗೊತ್ತುಪಡಿಸಿದ ಅಕ್ಷರಗಳು (ಕರ್ನಾಟಕಕ್ಕೆ ಕೆಎ), ಆನಂತರ ನೋಂದಣಿ ಪ್ರಾಧಿಕಾರದ ಸಂಕೇತ ಮತ್ತು ವಾಹನದ ಸರಣಿ ಹಾಗೂ ಸಂಖ್ಯೆ ಸೇರಿ ಈ ಚಿಹ್ನೆಯಾಗುತ್ತದೆ. ಇದನ್ನು ಪ್ರದರ್ಶಿಸುವ ನಮೂನೆ ಮತ್ತು ವಿಧಾನವನ್ನು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 50 ಮತ್ತು 51ನೇ ನಿಯಮಗಳು ತಿಳಿಸುತ್ತವೆ.

ಆಂಬ್ಯುಲೆನ್ಸ್ ಯಾವ ವರ್ಗದ ವಾಹನ?

ಫಲಕದ ಬಣ್ಣವನ್ನು ನಿರ್ಧರಿಸುವ ಮೊದಲು ವಾಹನದ ವರ್ಗವನ್ನು ತಿಳಿಯಬೇಕು. ಕೇಂದ್ರ ಸರ್ಕಾರವು 2004ರ ನವೆಂಬರ್ 5ರಂದು ಹೊರಡಿಸಿದ ಅಧಿಸೂಚನೆಯಲ್ಲಿ ವಾಹನಗಳನ್ನು ಸಾರಿಗೆ ಮತ್ತು ಸಾರಿಗೇತರ ಎಂದು ವಿಂಗಡಿಸಲಾಗಿದ್ದು, ಆಂಬ್ಯುಲೆನ್ಸ್ ಸಾರಿಗೆ ವಾಹನಗಳ ಪಟ್ಟಿಯಲ್ಲಿದೆ. ಸೇವೆಗೆ ಹಣ ಪಡೆಯುತ್ತಿಲ್ಲ, ಟ್ರಸ್ಟಿನ ವಾಹನ, ಕಾರ್ಖಾನೆಯ ಸ್ವಂತ ಬಳಕೆಗೆ ಮಾತ್ರ ಎಂಬ ಕಾರಣಗಳಿಂದ ಈ ವರ್ಗ ಬದಲಾಗುವುದಿಲ್ಲ.

ಈ ವರ್ಗೀಕರಣದಿಂದ ಮೂರು ಪರಿಣಾಮಗಳು ಉಂಟಾಗುತ್ತವೆ.

1. ಸಾರಿಗೆ ವಾಹನವಾದ್ದರಿಂದ 56ನೇ ಕಲಮಿನಂತೆ ಯೋಗ್ಯತಾ ಪತ್ರ ಅವಶ್ಯಕ. ಇದರ ತಪಾಸಣೆಯ ವೇಳೆ ಸಂಖ್ಯಾಫಲಕವನ್ನೂ ಪರಿಶೀಲಿಸಲಾಗುತ್ತದೆ.

2. ಆಂಬ್ಯುಲೆನ್ಸ್ ಉದ್ದೇಶಕ್ಕೆ ಮಾತ್ರ ಬಳಸುವ ಸಾರಿಗೆ ವಾಹನಕ್ಕೆ 66ನೇ ಕಲಮಿನ 3ನೇ ಉಪಕಲಮಿನಲ್ಲಿ ರಹದಾರಿಯಿಂದ, ಅಂದರೆ ಪರ್ಮಿಟ್‌ನಿಂದ, ವಿನಾಯಿತಿ ಇದೆ. ಈ ವಿನಾಯಿತಿ ರಹದಾರಿಗೆ ಸೀಮಿತವಾದದ್ದು. ನೋಂದಣಿ ಸಂಖ್ಯೆಯ ಪ್ರದರ್ಶನಕ್ಕೂ ಇದು ಅನ್ವಯಿಸುತ್ತದೆಂದು ಭಾವಿಸುವುದು ತಪ್ಪು.

3. ಫಲಕವು ಹಳದಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳದ್ದಾಗಿರಬೇಕು. ಬಿಳಿ ಫಲಕವು ಸಾರಿಗೇತರ ವಾಹನಗಳಿಗೆ ಮೀಸಲು. ವಾಹನದ ಬಿಳಿ ಬಣ್ಣಕ್ಕೆ ಹೊಂದಿಕೆಯಾಗಲೆಂದು ಬಿಳಿ ಫಲಕ ಹಾಕಿಸುವುದಕ್ಕೆ ಅವಕಾಶವಿಲ್ಲ. ವಿದ್ಯುತ್ ಚಾಲಿತ ಆಂಬ್ಯುಲೆನ್ಸ್ ಆಗಿದ್ದಲ್ಲಿ, 2018ರ ತಿದ್ದುಪಡಿಯಂತೆ, ಹಸಿರು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳಿರಬೇಕು.

ಮ್ಯಾಕ್ಸಿಕ್ಯಾಬ್ ಅಥವಾ ಖಾಸಗಿ ವ್ಯಾನನ್ನು ಕೊಂಡು, ಒಳಗೆ ಸ್ಟ್ರೆಚರ್ ಅಳವಡಿಸಿ, ಹೊರಗೆ ಆಂಬ್ಯುಲೆನ್ಸ್ ಎಂದು ಬರೆಸುವವರು ವಿಶೇಷವಾಗಿ ಎಚ್ಚರ ವಹಿಸಬೇಕು. 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳಿಗೂ ವಾಹನಕ್ಕೂ ವ್ಯತ್ಯಾಸ ಬರುವಂತೆ ಮಾರ್ಪಾಡು ಮಾಡುವಂತಿಲ್ಲ. ಆರ್.ಟಿ.ಒ. ಕಚೇರಿಯಲ್ಲಿ ವರ್ಗ ಬದಲಾವಣೆಯನ್ನು ದಾಖಲಿಸದೆ ಬರೆಸಿದ ಹೆಸರಿಗೆ ಕಾನೂನಿನ ಬೆಲೆ ಇರುವುದಿಲ್ಲ.

ಫಲಕದ ಅಳತೆ ಮತ್ತು ಬರಹ

ಲಘು ಮೋಟಾರು ವಾಹನಗಳಿಗೆ ಫಲಕದ ಅಳತೆ 500 x 120 ಮಿಲಿಮೀಟರ್ ಅಥವಾ 340 x 200 ಮಿಲಿಮೀಟರ್. ಮಧ್ಯಮ ಮತ್ತು ಭಾರಿ ವಾಣಿಜ್ಯ ವಾಹನಗಳಿಗೆ 340 x 200 ಮಿಲಿಮೀಟರ್. ಅಕ್ಷರ ಮತ್ತು ಅಂಕಿಗಳ ಎತ್ತರ 65 ಮಿಲಿಮೀಟರ್, ದಪ್ಪ 10 ಮಿಲಿಮೀಟರ್, ನಡುವಿನ ಅಂತರ 10 ಮಿಲಿಮೀಟರ್ ಇರಬೇಕು.

ಫಲಕವು ವಾಹನದ ಮುಂದೆ ಮತ್ತು ಹಿಂದೆ ಎರಡೂ ಕಡೆ ಇರತಕ್ಕದ್ದು. ಸಾರಿಗೆ ವಾಹನವಾದ ಕಾರಣ ವಾಹನದ ಕವಚದ ಎಡ ಮತ್ತು ಬಲ ಪಾರ್ಶ್ವಗಳಲ್ಲಿಯೂ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು. ಆಂಬ್ಯುಲೆನ್ಸ್‌ಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಇದೇ. ಪಾರ್ಶ್ವಗಳಲ್ಲಿ ಸಂಸ್ಥೆಯ ಹೆಸರು, ದೂರವಾಣಿ ಸಂಖ್ಯೆ, ದಾನಿಗಳ ಹೆಸರು ಇವೆಲ್ಲಕ್ಕೂ ಜಾಗ ದೊರೆಯುತ್ತದೆ. ನೋಂದಣಿ ಸಂಖ್ಯೆಗೆ ಮಾತ್ರ ದೊರೆಯುವುದಿಲ್ಲ.

ನಿಯಮದಂತೆ ಅಕ್ಷರಗಳು ಇಂಗ್ಲಿಷಿನಲ್ಲಿಯೂ ಅಂಕಿಗಳು ಅರೇಬಿಕ್ ಅಂಕಿಗಳಲ್ಲಿಯೂ ಇರಬೇಕು. ಕನ್ನಡದ ಅಂಕಿಗಳಲ್ಲಿ ಮಾತ್ರ ಬರೆಸಿದ ಫಲಕದಿಂದ ಈ ನಿಯಮದ ಪಾಲನೆಯಾಗುವುದಿಲ್ಲ. ಕನ್ನಡಾಭಿಮಾನವನ್ನು ತೋರಲು ವಾಹನದ ಮೈಮೇಲೆ ಆಂಬ್ಯುಲೆನ್ಸ್ ಎಂಬ ಪದವನ್ನೂ ಸಂಸ್ಥೆಯ ಹೆಸರನ್ನೂ ಕನ್ನಡದಲ್ಲಿ ಬರೆಸಲು ಧಾರಾಳವಾಗಿ ಅವಕಾಶವಿದೆ. ಫಲಕದ ಮೇಲೆ ಅಲಂಕಾರಿಕ ಬರಹ, ಚಿತ್ರ ಅಥವಾ ಇತರ ಹೆಸರು ಇರಕೂಡದು.

ಹಿಂದಿನ ಫಲಕಕ್ಕೆ ರಾತ್ರಿಯಲ್ಲಿ ಬಿಳಿಯ ಬೆಳಕು ಬೀಳುವಂತೆ ದೀಪವಿದ್ದು, 15 ಮೀಟರ್ ದೂರದಿಂದ ಸಂಖ್ಯೆಯನ್ನು ಓದಲು ಸಾಧ್ಯವಾಗಬೇಕು. ರಾತ್ರಿ ವೇಳೆಯಲ್ಲಿಯೂ ಓಡಾಡುವ ಆಂಬ್ಯುಲೆನ್ಸ್‌ಗೆ ಈ ಚಿಕ್ಕ ದೀಪ ಬಹಳ ಮುಖ್ಯ.

ಹೊಸ ವಾಹನಕ್ಕೆ ತಾತ್ಕಾಲಿಕ ನೋಂದಣಿ ಪಡೆದಿದ್ದಲ್ಲಿ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರಗಳಿರಬೇಕು. ಕಾಗದದ ಮೇಲೆ ಸಂಖ್ಯೆ ಬರೆದು ಗಾಜಿಗೆ ಅಂಟಿಸುವುದು ನಿಯಮಬಾಹಿರವೆಂದು 2020ರಲ್ಲಿ ಸ್ಪಷ್ಟಪಡಿಸಲಾಗಿದೆ.

ಅತಿ ಸುರಕ್ಷಿತ ನೋಂದಣಿ ಫಲಕ

ಎಚ್.ಎಸ್.ಆರ್.ಪಿ. ಎಂದು ಕರೆಯಲ್ಪಡುವ ಅತಿ ಸುರಕ್ಷಿತ ಫಲಕದ ಪರಿಕಲ್ಪನೆ 2001ರ ಅಧಿಸೂಚನೆಯಿಂದ ಆರಂಭವಾಯಿತು. 2018ರ ಡಿಸೆಂಬರ್‌ನಲ್ಲಿ ಮಾಡಲಾದ ತಿದ್ದುಪಡಿಯಂತೆ 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ತಯಾರಕರೇ ಈ ಫಲಕವನ್ನು ಒದಗಿಸಬೇಕು. ಅದಕ್ಕೂ ಹಿಂದಿನ ವಾಹನಗಳಿಗೆ ಇದನ್ನು ಅಳವಡಿಸಲು ಕರ್ನಾಟಕ ಸರ್ಕಾರವು 2023ರ ಆಗಸ್ಟ್‌ನಲ್ಲಿ ಆದೇಶಿಸಿ, ಆ ವರ್ಷದ ನವೆಂಬರ್ 17ರ ಗಡುವನ್ನು ನಿಗದಿಪಡಿಸಿತು. ಆನಂತರ ಗಡುವು ಹಲವು ಬಾರಿ ವಿಸ್ತರಣೆಗೊಂಡಿತು. ಆಂಬ್ಯುಲೆನ್ಸ್ ಈ ಆದೇಶಕ್ಕೆ ಹೊರತಲ್ಲ.

ಈ ಫಲಕದಲ್ಲಿ ಅಶೋಕ ಚಕ್ರವಿರುವ ಕ್ರೋಮಿಯಂ ಹೊಲೋಗ್ರಾಂ ಹಾಗೂ ಲೇಸರ್‌ನಿಂದ ಕೆತ್ತಿದ ಶಾಶ್ವತ ಗುರುತು ಸಂಖ್ಯೆ ಇರುತ್ತವೆ. ಹಿಂದಿನ ಫಲಕವನ್ನು ಒಮ್ಮೆ ತೆಗೆದರೆ ಮತ್ತೆ ಬಳಸಲಾಗದ ಬೀಗದಿಂದ ಜೋಡಿಸಲಾಗುತ್ತದೆ. ಇವಲ್ಲದೆ ಮುಂಭಾಗದ ಗಾಜಿನ ಒಳಬದಿಯಲ್ಲಿ ಮೂರನೆಯ ಗುರುತಾಗಿ ಒಂದು ಸ್ಟಿಕರ್ ಇರಬೇಕು. ಅದರ ಬಣ್ಣ ಡೀಸೆಲ್ ವಾಹನಕ್ಕೆ ಕಿತ್ತಳೆ, ಪೆಟ್ರೋಲ್ ಮತ್ತು ಸಿ.ಎನ್.ಜಿ. ವಾಹನಕ್ಕೆ ತಿಳಿನೀಲಿ.

ವಾಹನದ ಮೈಮೇಲಿನ ಇತರ ಗುರುತುಗಳು

ಆಂಬ್ಯುಲೆನ್ಸ್‌ಗಳ ರಚನೆಗೆ ಸಂಬಂಧಿಸಿದ ಎ.ಐ.ಎಸ್.-125 ಮಾನಕವನ್ನು 2016ರಲ್ಲಿ ನಿಯಮಗಳಲ್ಲಿ ಸೇರಿಸಲಾಯಿತು. ಅದು 2018ರ ಏಪ್ರಿಲ್‌ನಿಂದ ಅನ್ವಯಿಸುತ್ತದೆ. ಇದರಂತೆ ಆಂಬ್ಯುಲೆನ್ಸ್‌ಗಳಲ್ಲಿ ಪ್ರಥಮ ಪ್ರತಿಸ್ಪಂದನೆ, ರೋಗಿ ಸಾಗಣೆ, ಮೂಲ ಜೀವರಕ್ಷಣೆ ಮತ್ತು ಉನ್ನತ ಜೀವರಕ್ಷಣೆ ಎಂಬ 4 ಬಗೆಗಳಿವೆ. ಮುಂದೆ ಹೋಗುವ ವಾಹನದ ಚಾಲಕನಿಗೆ ಕನ್ನಡಿಯಲ್ಲಿ ನೇರವಾಗಿ ಕಾಣಲೆಂದು ಮುಂಭಾಗದಲ್ಲಿ ಆಂಬ್ಯುಲೆನ್ಸ್ ಎಂಬ ಪದವನ್ನು ತಿರುಗುಮುರುಗಾಗಿ ಬರೆಸಲಾಗುತ್ತದೆ. ನೋಂದಣಿ ಸಂಖ್ಯೆಯನ್ನು ಹೀಗೆ ತಿರುಗಿಸಿ ಬರೆಸುವಂತಿಲ್ಲ.

ಕೆಂಪು ಶಿಲುಬೆಯ, ಅಂದರೆ ರೆಡ್ ಕ್ರಾಸ್ ಲಾಂಛನದ, ಬಗ್ಗೆಯೂ ಎಚ್ಚರ ಅಗತ್ಯ. ಜಿನೀವಾ ಒಡಂಬಡಿಕೆಗಳ ಅಧಿನಿಯಮ, 1960ರ 12ನೇ ಕಲಮಿನಂತೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಈ ಲಾಂಛನವನ್ನು ಬಳಸುವಂತಿಲ್ಲ. ಅನೇಕ ಖಾಸಗಿ ಆಂಬ್ಯುಲೆನ್ಸ್‌ಗಳ ಮೇಲೆ ಇದು ಕಾಣಿಸುತ್ತದೆ. ರೂಢಿಯಿಂದ ಅದು ಸಕ್ರಮವಾಗುವುದಿಲ್ಲ.

ತಪ್ಪಿದಲ್ಲಿ ದಂಡನೆ

39ನೇ ಕಲಮಿನ ಉಲ್ಲಂಘನೆಗೆ ದಂಡನೆ 192ನೇ ಕಲಮಿನಲ್ಲಿದೆ. ಅದರ ಪ್ರಕಾರ ಮೊದಲ ಅಪರಾಧಕ್ಕೆ 2,000 ರೂಪಾಯಿಗಳಿಗೆ ಕಡಿಮೆಯಿಲ್ಲದ, 5,000 ರೂಪಾಯಿಗಳವರೆಗಿನ ದಂಡ. ಪುನರಾವರ್ತನೆಯಾದರೆ 1 ವರ್ಷದವರೆಗಿನ ಸೆರೆವಾಸ ಅಥವಾ 5,000ದಿಂದ 10,000 ರೂಪಾಯಿಗಳವರೆಗಿನ ದಂಡ ಅಥವಾ ಎರಡೂ.

ಇದೇ ಕಲಮಿನಲ್ಲಿ ಒಂದು ರಿಯಾಯಿತಿಯೂ ಇದೆ. ತುರ್ತು ಸಂದರ್ಭದಲ್ಲಿ ರೋಗಿಗಳನ್ನು ಅಥವಾ ಗಾಯಾಳುಗಳನ್ನು ಸಾಗಿಸಲು ವಾಹನವನ್ನು ಬಳಸಿದ್ದರೆ ದಂಡನೆ ಅನ್ವಯಿಸುವುದಿಲ್ಲ. ಆದರೆ 7 ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಆಂಬ್ಯುಲೆನ್ಸ್‌ಗೆ ಫಲಕದ ಅಗತ್ಯವೇ ಇಲ್ಲವೆಂದು ವಾದಿಸುವವರು ಆಧರಿಸುವುದು ಇದನ್ನೇ. ಆದರೆ ಈ ರಿಯಾಯಿತಿ ಒಂದು ತುರ್ತು ಪ್ರಯಾಣಕ್ಕೆ ಸಂಬಂಧಿಸಿದ್ದು, ವಾಹನದ ನಿತ್ಯದ ಸ್ಥಿತಿಗಲ್ಲ. ರೋಗಿಯನ್ನು ಇಳಿಸಿ ಖಾಲಿಯಾಗಿ ಹಿಂದಿರುಗುವಾಗ ಈ ರಕ್ಷಣೆಯನ್ನು ನೆಚ್ಚಿಕೊಳ್ಳಲಾಗದು.

ಸಂಖ್ಯೆ ಕಾಣದಿದ್ದರೆ ನಷ್ಟ ಯಾರಿಗೆ?

ದಂಡದ ಮೊತ್ತಕ್ಕಿಂತ ದೊಡ್ಡ ಪ್ರಶ್ನೆ ಇದು. ರಾತ್ರಿ ವೇಳೆ ಹೆದ್ದಾರಿಯಲ್ಲಿ ಆಂಬ್ಯುಲೆನ್ಸ್ ಒಂದು ಪಾದಚಾರಿಗೆ ಬಡಿದು, ಆತ ಮೃತಪಟ್ಟನೆಂದು ಊಹಿಸಬಹುದು. ಒಳಗೆ ಮತ್ತೊಬ್ಬರ ಪ್ರಾಣ ಅಪಾಯದಲ್ಲಿರುವುದರಿಂದ ವಾಹನ ನಿಲ್ಲದೆ ಮುಂದೆ ಸಾಗಿತು. ಸಾಕ್ಷಿಗಳು ಸಂಖ್ಯೆಯನ್ನು ಓದಿಕೊಂಡಿದ್ದರೆ ವಿಮಾ ಕಂಪನಿ ಯಾವುದೆಂದು ತಿಳಿಯುತ್ತದೆ. ಮೃತನ ವಯಸ್ಸು, ಆದಾಯ ಮತ್ತು ಅವಲಂಬಿತರನ್ನು ಗಣನೆಗೆ ತೆಗೆದುಕೊಂಡು ನ್ಯಾಯಮಂಡಳಿ ಪರಿಹಾರವನ್ನು ನಿಗದಿಪಡಿಸುತ್ತದೆ. ಸಂಖ್ಯೆ ಕಾಣದೆ ವಾಹನ ಪತ್ತೆಯಾಗದಿದ್ದರೆ ಆ ಕುಟುಂಬಕ್ಕೆ ಉಳಿಯುವುದು 161ನೇ ಕಲಮಿನ ನಿಗದಿತ ಮೊತ್ತ ಮಾತ್ರ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಂತೆ ಅದು ಮರಣಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ. ಪ್ರೀಮಿಯಂ ಕಟ್ಟಿದ ವಿಮೆ ಇದ್ದೂ ನೊಂದವರಿಗೆ ದಕ್ಕದಂತಾಗುತ್ತದೆ.

ರೋಗಿಯ ಬಂಧುಗಳಿಗೂ ಈ ಸಂಖ್ಯೆಯೇ ಆಧಾರ. ಕೋವಿಡ್ ಕಾಲದಲ್ಲಿ ಆಂಬ್ಯುಲೆನ್ಸ್ ಬಾಡಿಗೆಯ ಬಗ್ಗೆ ದೂರುಗಳು ಹೆಚ್ಚಿದಾಗ, ನ್ಯಾಯಯುತ ದರವನ್ನು ನಿಗದಿಪಡಿಸುವಂತೆ ಸರ್ವೋಚ್ಚ ನ್ಯಾಯಾಲಯವು 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ದರ ನಿಗದಿಯಾದರೂ, ಹೆಚ್ಚು ಹಣ ಪಡೆದ ವಾಹನ ಯಾವುದೆಂದು ಹೇಳಲಾಗದಿದ್ದರೆ ದೂರು ಮುಂದೆ ಸಾಗುವುದಿಲ್ಲ.

ಪ್ರಾಮಾಣಿಕ ಮಾಲೀಕರಿಗೂ ಸಂಖ್ಯೆಯಿಂದ ರಕ್ಷಣೆಯಿದೆ. ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳು, 2008ರ 11ನೇ ನಿಯಮದಂತೆ ಆಂಬ್ಯುಲೆನ್ಸ್‌ಗೆ ಟೋಲ್ ವಿನಾಯಿತಿ ಇದೆ. ತುರ್ತು ಸೇವೆಯಲ್ಲಿರುವಾಗ, ಸೂಕ್ತ ಎಚ್ಚರಿಕೆಯಿಂದ ಕೆಂಪು ಸಿಗ್ನಲನ್ನು ದಾಟಲು 2017ರ ಚಾಲನಾ ನಿಯಮಾವಳಿಗಳು ಅನುಮತಿಸುತ್ತವೆ. ಆದರೆ ಕ್ಯಾಮೆರಾ ಓದುವುದು ಸಂಖ್ಯೆಯನ್ನು. ಆ ಸಂಖ್ಯೆಯ ದಾಖಲೆಯಲ್ಲಿ ವಾಹನದ ವರ್ಗ ಆಂಬ್ಯುಲೆನ್ಸ್ ಎಂದೇ ಇದ್ದರೆ ತಪ್ಪಾಗಿ ಬಂದ ದಂಡದ ನೋಟಿಸನ್ನು ಪ್ರಶ್ನಿಸುವುದು ಸುಲಭ.

ಮಾಲೀಕರು ಪರಿಶೀಲಿಸಬೇಕಾದ ಅಂಶಗಳು

1. ನೋಂದಣಿ ಪತ್ರದಲ್ಲಿ ವಾಹನದ ವರ್ಗ ಆಂಬ್ಯುಲೆನ್ಸ್ ಎಂದು ನಮೂದಾಗಿದೆಯೇ?
2. ಮುಂದೆ ಮತ್ತು ಹಿಂದೆ ಸೂಕ್ತ ಬಣ್ಣದ ಅತಿ ಸುರಕ್ಷಿತ ಫಲಕವಿದೆಯೇ? ಗಾಜಿನ ಮೇಲಿನ ಸ್ಟಿಕರ್ ಇದೆಯೇ?
3. ಎಡ ಮತ್ತು ಬಲ ಪಾರ್ಶ್ವಗಳಲ್ಲಿ ಸಂಖ್ಯೆ ಬರೆಸಲಾಗಿದೆಯೇ?
4. ಏಣಿ, ಹೆಚ್ಚುವರಿ ಬಂಪರ್ ಅಥವಾ ಜಾಹೀರಾತಿನಿಂದ ಫಲಕ ಮರೆಯಾಗಿದೆಯೇ?
5. ಹಿಂದಿನ ಫಲಕದ ದೀಪ ಉರಿಯುತ್ತಿದೆಯೇ?
6. ಅನುಮತಿಯಿಲ್ಲದ ರೆಡ್ ಕ್ರಾಸ್ ಲಾಂಛನವನ್ನು ತೆಗೆಸಲಾಗಿದೆಯೇ?
7. ಪ್ರತಿ ರಸೀದಿಯ ಮೇಲೂ ನೋಂದಣಿ ಸಂಖ್ಯೆ ಬರೆಯಲಾಗುತ್ತಿದೆಯೇ? ಇದು ನಿಯಮಕ್ಕಿಂತ ಹೆಚ್ಚಾಗಿ ಉತ್ತಮ ವ್ಯವಹಾರದ ಲಕ್ಷಣ.

ಆಂಬ್ಯುಲೆನ್ಸ್ ಬಂದಾಗ ಇತರ ವಾಹನಗಳು ದಾರಿ ಬಿಡಬೇಕು. ಬಿಡದಿದ್ದರೆ 2019ರ ತಿದ್ದುಪಡಿಯಿಂದ ಸೇರಿಸಲಾದ 194-ಇ ಕಲಮಿನಂತೆ 6 ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಾರ್ವಜನಿಕರಿಂದ ಇಷ್ಟು ಶಿಸ್ತನ್ನು ನಿರೀಕ್ಷಿಸುವ ವಾಹನವು ತಾನು ಯಾರದೆಂಬುದನ್ನು ನಾಲ್ಕೂ ಕಡೆಯಿಂದ ಸ್ಪಷ್ಟವಾಗಿ ತೋರಿಸುವುದು ನ್ಯಾಯ. ಇದಕ್ಕೆ ಬೇಕಾಗುವ ಖರ್ಚು ಅಲ್ಪ, ಸಮಯ ಅರ್ಧ ದಿನ. ಮುಂದಿನ ಯೋಗ್ಯತಾ ತಪಾಸಣೆಯವರೆಗೆ ಕಾಯದೆ, ಮಾಲೀಕರು ತಮ್ಮ ವಾಹನವನ್ನು ಒಮ್ಮೆ ಸುತ್ತಿ ನೋಡಿ ಈ ಪಟ್ಟಿಯೊಡನೆ ಹೋಲಿಸಿಕೊಳ್ಳುವುದು ಶ್ರೇಯಸ್ಕರ.