ಅವಳ ಕಾಯಿಲೆಯಿಂದ ಅವಳನ್ನೇ ಹೊರಗಿಡಬೇಡ

ತಮ್ಮಾ, ಬಯಾಪ್ಸಿ ರಿಪೋರ್ಟು ಬಂದ ಕೂಡಲೇ ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಬ್ಬನೇ ಡಾಕ್ಟರ ಕೋಣೆಗೆ ಮರಳಿ ಹೋಗಿ, ‘ಅವಳಿಗೆ ಮಾತ್ರ ಹೇಳಬೇಡಿ ಸಾರ್’ ಎಂದು ಕೈಮುಗಿಯುವ ಗಂಡಂದಿರನ್ನು ನಾನು ಬಹಳ ಕಂಡಿದ್ದೇನೆ. ಪ್ರೀತಿಯಿಲ್ಲದವರು ಹಾಗೆ ಮಾಡುವುದಿಲ್ಲ. ಆದರೂ ನಿನಗೆ ಹೇಳಬೇಕಾದ ಮುಖ್ಯ ಮಾತು ಇದೇ: ಅವಳ ಕಾಯಿಲೆಯಿಂದ ಅವಳನ್ನೇ ಹೊರಗಿಡಬೇಡ. ನನ್ನ ಹೆಂಡತಿಯ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಡೆದಷ್ಟು ಕಾಲ, ಅದು ಮರುಕಳಿಸಿದ ಮೇಲೂ, ಅವಳ ಪಕ್ಕದಲ್ಲಿ ಕೂತು ನಾನು ಕಲಿತದ್ದು ಅದನ್ನೇ.

ಮುಚ್ಚಿಟ್ಟರೆ ಏನಾಗುತ್ತದೆ ನೋಡು. ಆಸ್ಪತ್ರೆಯ ಬೋರ್ಡು ಅವಳಿಗೂ ಕಾಣುತ್ತದೆ. ಪಕ್ಕದ ಹಾಸಿಗೆಯವರು ಮಾತಾಡುತ್ತಾರೆ. ಕೂದಲು ಉದುರುತ್ತದೆ. ಗೊತ್ತಾದ ಮೇಲೂ, ನಿನಗೆ ನೋವಾದೀತೆಂದು ಅವಳು ಗೊತ್ತಿಲ್ಲದವಳಂತೆ ಇರತೊಡಗುತ್ತಾಳೆ. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬೊಬ್ಬರೇ ಅಳುತ್ತೀರಿ. ಹಾಗಂತ ಎಲ್ಲವನ್ನೂ ಒಮ್ಮೆಗೇ ಸುರಿದುಬಿಡು ಅನ್ನುತ್ತಿಲ್ಲ. ‘ನಿನಗೆ ಎಷ್ಟು ಗೊತ್ತಾಗಬೇಕು, ಹೇಳು’ ಎಂದು ಅವಳನ್ನೇ ಕೇಳು. ಕೆಲವರಿಗೆ ಪೂರ್ತಿ ವಿವರ ಬೇಕು, ಕೆಲವರಿಗೆ ಮುಂದಿನ ವಾರ ಏನು ಎಂಬಷ್ಟೇ ಸಾಕು. ಆ ಅಳತೆ ಅವಳದು.

ಚಿಕಿತ್ಸೆ ಶುರುವಾಗುವ ಮೊದಲು ಇಬ್ಬರೂ ಜೊತೆಗೆ ಕೂತು ಡಾಕ್ಟರನ್ನು ಕೇಳಿ. ಕಾಯಿಲೆ ಯಾವ ಹಂತದಲ್ಲಿದೆ? ಈ ಚಿಕಿತ್ಸೆ ಪೂರ್ತಿ ಗುಣಪಡಿಸಲಿಕ್ಕೋ, ಹತೋಟಿಯಲ್ಲಿಡಲಿಕ್ಕೋ? ಆಪರೇಷನ್ ಮೊದಲೋ, ಕಿಮೋ ಮೊದಲೋ? ನಿಮ್ಮದು ಸಣ್ಣ ವಯಸ್ಸು, ಆದ್ದರಿಂದ ಇನ್ನೊಂದು ಪ್ರಶ್ನೆಯನ್ನು ಸಂಕೋಚಪಡದೆ ಕೇಳಬೇಕು: ಮುಂದೆ ಮಕ್ಕಳಾಗಲು ತೊಂದರೆಯಾಗುತ್ತದೆಯೇ? ಕೆಲವು ಔಷಧಗಳು ಅಂಡಾಶಯವನ್ನು ದುರ್ಬಲಗೊಳಿಸುತ್ತವೆ. ಅಂಡಾಣು ಅಥವಾ ಭ್ರೂಣವನ್ನು ಶೀತಲೀಕರಿಸಿ ಇಡುವ ವ್ಯವಸ್ಥೆ ಇದೆ, ಆದರೆ ಅದನ್ನು ಕಿಮೋಗೆ ಮೊದಲೇ ಮಾಡಬೇಕು. ಮನೆಯ ಹಿರಿಯರ ಎದುರು ಈ ಮಾತು ಎತ್ತಲಾಗದೆ ಎಷ್ಟೋ ದಂಪತಿಗಳು ಸಮಯ ಮೀರಿದ ಮೇಲೆ ಕೊರಗುತ್ತಾರೆ.

ಇನ್ನು ಕಿಮೋ. ಬಹಳಷ್ಟು ಔಷಧಗಳನ್ನು ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ಅಂಥ ಒಂದು ಸುತ್ತಿಗೆ ಸೈಕಲ್ ಎನ್ನುತ್ತಾರೆ. ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದು ಆ ಔಷಧದ ಗುಣ. ಕಳೆ ಕೀಳುವಾಗ ಪೈರಿನ ಬೇರೂ ಅಲುಗುವ ಹಾಗೆ, ಅಸ್ಥಿಮಜ್ಜೆ, ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರಕ್ಕೂ ಅದರ ಪೆಟ್ಟು ಬೀಳುತ್ತದೆ. ಕೂದಲು ಸಾಮಾನ್ಯವಾಗಿ ಎರಡು ಮೂರು ವಾರದೊಳಗೆ ಉದುರತೊಡಗುತ್ತದೆ. ಬಿಳಿ ರಕ್ತಕಣಗಳು ಡ್ರಿಪ್ ಆದ 7ರಿಂದ 14 ದಿನಗಳ ನಡುವೆ ತೀರಾ ಇಳಿಯುತ್ತವೆ. ಹಿನ್ನಡೆ ಎಂಬುದರ ಮೊದಲ ಪರಿಚಯ ನಿನಗೆ ಆಗುವುದು ಇಲ್ಲಿಯೇ. ರಜೆ ಹಾಕಿ, ಬಸ್ಸು ಹಿಡಿದು ಆಸ್ಪತ್ರೆ ಸೇರಿರುತ್ತೀರಿ. ರಕ್ತಪರೀಕ್ಷೆ ನೋಡಿ, ‘ಕೌಂಟ್ ಕಡಿಮೆ ಇದೆ, ಮುಂದಿನ ವಾರ ಬನ್ನಿ’ ಎನ್ನುತ್ತಾರೆ. ‘ನನ್ನಿಂದಲೇ ಎಲ್ಲಾ ತಪ್ಪಿಹೋಯಿತು’ ಎಂದು ಅವಳು ಕುಗ್ಗುತ್ತಾಳೆ. ಸರಿಯಾಗಿ ತಿನ್ನಲಿಲ್ಲವೆಂದು ಮನೆಯವರು ಅವಳನ್ನೇ ದೂರುತ್ತಾರೆ. ನೀನು ಆಗ ಸ್ಪಷ್ಟವಾಗಿ ಹೇಳು: ಕೌಂಟ್ ಇಳಿದದ್ದು ಔಷಧದಿಂದ, ಅವಳ ತಪ್ಪಿನಿಂದಲ್ಲ. ಒಂದು ಸೈಕಲ್ ಮುಂದಕ್ಕೆ ಹೋದ ಮಾತ್ರಕ್ಕೆ ಚಿಕಿತ್ಸೆ ಸೋತಿತು ಎಂದಲ್ಲ. ದೇಹ ತಡೆದುಕೊಳ್ಳುವಷ್ಟು ಕಾಯುವುದೂ ಚಿಕಿತ್ಸೆಯ ಭಾಗವೇ. ಕ್ಯಾಲೆಂಡರಿನಲ್ಲಿ ಕೊನೆಯ ಕಿಮೋ ದಿನಕ್ಕೆ ದಪ್ಪ ಗೆರೆ ಎಳೆದು, ಆ ತಾರೀಖಿಗೇ ಮದುವೆ ಮುಂಜಿ ತೀರ್ಥಯಾತ್ರೆ ಗೊತ್ತುಮಾಡಬೇಡ.

ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡು. ‘ಬೆಳಗ್ಗೆ ನೋಡೋಣ’ ಎಂದು ಜ್ವರದ ಮಾತ್ರೆ ಕೊಟ್ಟು ಮಲಗಿಸಬೇಡ. ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಬಿಳಿ ಕಣಗಳಿಲ್ಲದ ದೇಹದಲ್ಲಿ ಕೆಲವೇ ಗಂಟೆಗಳಲ್ಲಿ ಅದು ಪ್ರಾಣಕ್ಕೆ ಬರಬಹುದು. ತುರ್ತು ವಿಭಾಗದಲ್ಲಿ ‘ಕಿಮೋ ನಡೀತಾ ಇದೆ, ಜ್ವರ ಬಂದಿದೆ’ ಎಂಬುದನ್ನೇ ಮೊದಲು ಹೇಳು.

ಊಟದ ವಿಷಯದಲ್ಲಿ ಬಲವಂತ ಬೇಡ. ಬಾಯಲ್ಲಿ ಹುಣ್ಣಾಗಿರುವಾಗ ಖಾರ, ಹುಳಿ ಉರಿಯುತ್ತವೆ. ರಾಗಿ ಗಂಜಿ, ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ, ಬೇಳೆಕಟ್ಟು, ಸ್ವಲ್ಪ ಸ್ವಲ್ಪವೇ, ಆಗಾಗ. ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸಿದರೆ ಅಡುಗೆಮನೆ ನೀನು ನೋಡಿಕೋ. ವಾಂತಿಯ ಮಾತ್ರೆಯನ್ನು ವಾಂತಿ ಬರುವ ಮೊದಲೇ, ಬರೆದುಕೊಟ್ಟ ಹೊತ್ತಿಗೆ ಕೊಡಬೇಕು. ನೆಂಟರು ಹಳ್ಳಿಮದ್ದು, ಕಷಾಯ ತರುತ್ತಾರೆ, ‘ಕಿಮೋ ಬಿಡಿಸಿ, ಇದು ಕೊಡಿ’ ಎನ್ನುತ್ತಾರೆ. ಡಾಕ್ಟರಿಗೆ ತಿಳಿಸದೆ ಏನನ್ನೂ ಕೊಡಬೇಡ, ಗುಟ್ಟಾಗಿಯಂತೂ ಬೇಡವೇ ಬೇಡ. ಕೆಲವು ಬೇರು ಸೊಪ್ಪು ಯಕೃತ್ತಿಗೆ ಪೆಟ್ಟು ಕೊಟ್ಟು ಮುಂದಿನ ಡ್ರಿಪ್ಪನ್ನೇ ನಿಲ್ಲಿಸಿಬಿಡುತ್ತವೆ. ಇನ್ನೊಂದು ಮಾತು: ಕ್ಯಾನ್ಸರ್ ಅಂಟುರೋಗವಲ್ಲ. ಅವಳ ತಟ್ಟೆ ಲೋಟ ಬೇರೆ ಇಡುವವರಿದ್ದರೆ ಅವರ ಎದುರಿಗೇ ಅವಳ ಪಕ್ಕ ಕೂತು ಊಟ ಮಾಡು.

ಸ್ತನ ತೆಗೆದ ಮೇಲೆ ಹೆಣ್ಣು ಮೊದಲು ನೋಡುವುದು ಗಂಡನ ಕಣ್ಣನ್ನು. ಕಣ್ಣು ತಪ್ಪಿಸಬೇಡ. ಡ್ರೆಸ್ಸಿಂಗ್ ಮಾಡುವುದನ್ನು ನರ್ಸಮ್ಮನಿಂದ ಕಲಿತುಕೋ. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕೈ ಮುಂದೆ ಬಾತುಕೊಳ್ಳಬಹುದು. ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಜೊತೆಗೆ ನಿಂತು ಮಾಡಿಸು, ಭಾರದ ಬಿಂದಿಗೆ ನೀನು ಎತ್ತು. ಆಮೇಲೆ ರೇಡಿಯೇಷನ್. ನಮ್ಮ ಜನ ‘ಕರೆಂಟ್ ಕೊಡ್ತಾರೆ’ ಎಂದು ಹೆದರುತ್ತಾರೆ. ಅದರಲ್ಲಿ ಶಾಕ್ ಹೊಡೆಯುವುದಿಲ್ಲ, ಕಿರಣ ಬೀಳುವಾಗ ನೋವೂ ಇರುವುದಿಲ್ಲ. ಆದರೆ ವಾರಕ್ಕೆ ಐದು ದಿನದಂತೆ ಕೆಲವು ವಾರ ಹೋಗಿಬರಬೇಕು. ಸುಸ್ತು ಏರುತ್ತಾ ಹೋಗುತ್ತದೆ, ಚರ್ಮ ಕೆಂಪಾಗಿ ಉರಿಯುತ್ತದೆ. ಅಲ್ಲಿ ಹಾಕಿದ ಗುರುತು ಅಳಿಸದಂತೆ, ಕೇಳದೆ ಯಾವ ಎಣ್ಣೆ ಪೌಡರೂ ಹಚ್ಚದಂತೆ ನೋಡಿಕೋ.

ಹಣದ ವಿಷಯವನ್ನೂ ಅವಳಿಂದ ಮುಚ್ಚಿಡಬೇಡ. ಒಡವೆ ಅಡ ಇಡುವ ಮೊದಲು, ಸರ್ಕಾರ ಕೊಡುವುದನ್ನು ಕೇಳು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿಯಾದ ದರದ ಶೇ. 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಫೈಲಿನಲ್ಲಿ ಸದಾ ಇರಲಿ. 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ದೂರದ ಊರಿನವರು ತಂಗಲು ಧರ್ಮಶಾಲೆ ಇದೆ. ಚಿಕಿತ್ಸೆಗೆ ಹೋಗುವ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲ್ವೆಯ ರಿಯಾಯಿತಿ ಉಂಟು, ಆಸ್ಪತ್ರೆಯಿಂದ ಪತ್ರ ತರಬೇಕು.

ಈಗ ಕಷ್ಟದ ಮಾತು. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಕಾಯಿಲೆ ಮರಳಬಹುದು. ಆ ಸ್ಕ್ಯಾನ್ ರಿಪೋರ್ಟು ಕೈಗೆ ಬಂದಾಗ ಮುಚ್ಚಿಡುವ ಆಸೆ ಮೊದಲಿಗಿಂತ ಹೆಚ್ಚಾಗುತ್ತದೆ. ಮುಚ್ಚಿಡಬೇಡ. ನನ್ನ ಹೆಂಡತಿಗೆ ಹೇಳಿದಾಗ ಅವಳು ತುಂಬ ಹೊತ್ತು ಸುಮ್ಮನಿದ್ದು, ಆಮೇಲೆ ಕೇಳಿದ್ದು ಮಗಳ ಪರೀಕ್ಷೆ ಯಾವಾಗ ಮುಗಿಯುತ್ತದೆ ಎಂದು. ಮುಂದಿನ ಚಿಕಿತ್ಸೆಯ ದಿನವನ್ನು ಅದಕ್ಕೆ ಹೊಂದಿಸಿ ಡಾಕ್ಟರ ಜೊತೆ ಮಾತಾಡಿದವಳೂ ಅವಳೇ. ಅವಳಿಗೆ ಉಳಿದಿದ್ದ ಕಾಲ ಅವಳ ಕೈಯಲ್ಲಿತ್ತು. ಸುಳ್ಳು ಹೇಳಿದ್ದರೆ ಅದನ್ನೂ ನಾವು ಕಿತ್ತುಕೊಂಡಂತಾಗುತ್ತಿತ್ತು.

ಮರುಕಳಿಸಿದ ಕ್ಯಾನ್ಸರನ್ನೂ ಎಷ್ಟೋ ಸಲ ವರ್ಷಗಟ್ಟಲೆ ಹತೋಟಿಯಲ್ಲಿಡಬಹುದು. ಇನ್ನೊಂದು ಸುತ್ತು ಬೇಕೇ, ಅದರಿಂದ ಸಿಗುವುದೆಷ್ಟು, ಸಹಿಸಬೇಕಾದ್ದೆಷ್ಟು ಎಂಬ ಲೆಕ್ಕವನ್ನು ಅವಳ ಮುಂದೆಯೇ ಡಾಕ್ಟರ ಬಾಯಿಂದ ಕೇಳು. ಅವಳು ‘ಸಾಕು’ ಅಂದರೆ ಅದನ್ನು ಹೇಡಿತನ ಎನ್ನಬೇಡ, ‘ಬೇಕು’ ಅಂದರೆ ದುರಾಸೆ ಎನ್ನಬೇಡ. ಉಪಶಮನ ಚಿಕಿತ್ಸೆಯ ಹೆಸರು ಕೇಳಿದೊಡನೆ ಎಲ್ಲಾ ಮುಗಿಯಿತೆಂದುಕೊಳ್ಳಬೇಡ. ನೋವು, ಉಬ್ಬಸ, ನಿದ್ದೆಗೇಡು ತಗ್ಗಿಸುವ ಆ ವಿದ್ಯೆಯನ್ನು ಕಿಮೋ ನಡೆಯುವಾಗಲೂ ಪಡೆಯಬಹುದು. ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಚಟವಾದೀತೆಂದು ತಡೆಯಬೇಡ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಅದು ನೋವನ್ನು ಕಡಿಮೆ ಮಾಡುತ್ತದೆ. ನೋವಿನವರ ಕೈಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ತಂದರು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಉಪಶಮನ ಆರೈಕೆಗೆ ಹಣ ಕೇಳುವುದಿಲ್ಲ.

ಇಷ್ಟೆಲ್ಲ ಮಾಡಲು ನೀನು ನಿಂತಿರಬೇಕಲ್ಲ? ‘ಏನಾದರೂ ಬೇಕಾದರೆ ಹೇಳಿ’ ಎಂದವರಿಗೆ ಒಂದು ಕೆಲಸ ಹಚ್ಚು: ಒಬ್ಬರು ಮಕ್ಕಳನ್ನು ಶಾಲೆಗೆ ಬಿಡಲಿ, ಒಬ್ಬರು ಮಂಗಳವಾರ ಊಟ ತರಲಿ. ಅಳು ಬಂದರೆ ಅವಳೆದುರೂ ಅಳು, ಅದರಿಂದ ಅವಳ ಧೈರ್ಯವೇನೂ ಕುಗ್ಗುವುದಿಲ್ಲ. ಅವಳಿಗೂ ‘ಧೈರ್ಯವಾಗಿರು’ ಎಂದು ದಿನವೂ ಪಾಠ ಮಾಡಬೇಡ. ಹೆದರಿಕೆ ಹೇಳಿಕೊಳ್ಳಲು ಒಬ್ಬರು ಬೇಕಲ್ಲ, ಆ ಒಬ್ಬ ನೀನಾಗಿರು.

ಗಂಡನನ್ನು ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳಿಗೂ ನನ್ನದು ಇದೇ ಮಾತು, ತಂಗಿ. ಗುಣಪಡಿಸುವುದು ನಿಮ್ಮ ಕೈಯಲ್ಲಿಲ್ಲ, ಅದರ ಹೊರೆ ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ. ನಿಜ ಹೇಳುವುದು, ಕೇಳಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಮುಂದಿನ ಸಲ ಡಾಕ್ಟರ ಕೋಣೆಗೆ ಇಬ್ಬರೂ ಒಟ್ಟಿಗೇ ಹೋಗಿ.