ಮೊದಲ ಎರಡು ಎಲೆಗಳ ಲೆಕ್ಕ: ಆರಂಭಿಕ ಕೈಗಳ ಶ್ರೇಣೀಕರಣದಿಂದ ವರ್ತಕರು ಕಲಿಯಬಹುದಾದ ಪಾಠ

ತೊಗರಿಯ ರಾಶಿ ಆರಂಭವಾಗುವ ಡಿಸೆಂಬರ್–ಜನವರಿ ತಿಂಗಳುಗಳಲ್ಲಿ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ವರ್ತಕರು ಹಾಗೂ ದಾಲ್‌ಮಿಲ್ ಮಾಲೀಕರು ಎದುರಿಸುವ ಪ್ರಶ್ನೆ ಒಂದೇ. ಮುಂದಿನ ಆರು ತಿಂಗಳಲ್ಲಿ ದರ ಏನಾಗುವುದೆಂದು ತಿಳಿಯದಿರುವಾಗ, ಕೈಯಲ್ಲಿರುವ ಅಲ್ಪ ಮಾಹಿತಿಯನ್ನು ನಂಬಿ ಎಷ್ಟು ಬಂಡವಾಳ ತೊಡಗಿಸಬೇಕು? ಯಾವ ಸರಕಿಗೆ ಕೈ ಹಾಕಬೇಕು, ಯಾವುದನ್ನು ಬಿಡಬೇಕು?

ಅಪೂರ್ಣ ಮಾಹಿತಿಯಲ್ಲಿ ಮೊದಲ ನಿರ್ಧಾರ ಕೈಗೊಳ್ಳುವ ಈ ಸಮಸ್ಯೆಯನ್ನು ಗಣಿತಜ್ಞರು ಅತ್ಯಂತ ಸೂಕ್ಷ್ಮವಾಗಿ ಅಳೆದಿರುವುದು ಇಸ್ಪೀಟಿನ ಒಂದು ಆಟದಲ್ಲಿ. ಅದುವೇ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಪ್ರಕಾರ. ಪಣವಿಟ್ಟು ಆಡುವುದನ್ನು ಪ್ರೋತ್ಸಾಹಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಆ ಕುರಿತ ಕಾನೂನಿನ ಸ್ಥಿತಿಯನ್ನು ಕೊನೆಯಲ್ಲಿ ವಿವರಿಸಲಾಗಿದೆ. ಆಟದ ಲೆಕ್ಕವನ್ನು ಅರಿತು, ಅದರಲ್ಲಿ ವ್ಯಾಪಾರಕ್ಕೆ ಅನ್ವಯಿಸುವುದನ್ನು ಗ್ರಹಿಸುವುದಷ್ಟೇ ಇಲ್ಲಿನ ಆಶಯ.

ಆಟದ ಸ್ವರೂಪ

ಪ್ರತಿಯೊಬ್ಬ ಆಟಗಾರನಿಗೆ ಎರಡು ಎಲೆಗಳನ್ನು ಗುಪ್ತವಾಗಿ ಹಂಚಲಾಗುತ್ತದೆ. ಆನಂತರ ಮೇಜಿನ ಮೇಲೆ ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ಮೊದಲು ಮೂರು, ಬಳಿಕ ಒಂದು, ಕೊನೆಗೆ ಒಂದು ಎಂಬಂತೆ ತೆರೆಯಲಾಗುತ್ತದೆ. ಈ ಏಳು ಎಲೆಗಳಲ್ಲಿ ಉತ್ತಮವಾದ ಐದನ್ನು ಹೊಂದಿಸಿದವನು ಗೆಲ್ಲುತ್ತಾನೆ. ಪಣ ಕಟ್ಟುವ ಅವಕಾಶ ನಾಲ್ಕು ಬಾರಿ ಬರುತ್ತದೆ. ಆದರೆ ಆಟದಲ್ಲಿ ಉಳಿಯಬೇಕೋ ಬೇಡವೋ ಎಂಬ ಮೊದಲ ನಿರ್ಧಾರವನ್ನು ಏಳರಲ್ಲಿ ಎರಡೇ ಎಲೆಗಳನ್ನು ಕಂಡು ಮಾಡಬೇಕಾಗುತ್ತದೆ. ಈ ಎರಡು ಎಲೆಗಳಿಗೆ ‘ಆರಂಭಿಕ ಕೈ’ ಎಂದು ಹೆಸರು.

ಇನ್ನೊಂದು ನಿಯಮವೂ ಗಮನಾರ್ಹ. ಪ್ರತಿ ಸುತ್ತಿನಲ್ಲಿ ಇಬ್ಬರು, ಸರದಿಯಂತೆ, ಎಲೆ ನೋಡುವ ಮುನ್ನವೇ ಕಡ್ಡಾಯವಾಗಿ ಸ್ವಲ್ಪ ಪಣ ಇಡಬೇಕು. ಹೀಗಾಗಿ ಸುಮ್ಮನೆ ಕಾಯುವುದಕ್ಕೂ ವೆಚ್ಚವಿದೆ. ಅಂಗಡಿ ಬಾಡಿಗೆ, ಗುಮಾಸ್ತರ ಸಂಬಳ, ಬ್ಯಾಂಕಿನ ಬಡ್ಡಿ ಇವು ವ್ಯಾಪಾರ ನಡೆಯದ ದಿನವೂ ಓಡುವಂತೆಯೇ ಇದು.

1,326 ಕೈಗಳು, 169 ಬಗೆಗಳು

52 ಎಲೆಗಳಿಂದ ಎರಡನ್ನು ಆರಿಸುವ ವಿಧಾನಗಳು ಒಟ್ಟು 1,326. ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎಂಬ ನಾಲ್ಕು ಜಾತಿಗಳಿಗೆ ಪರಸ್ಪರ ಮೇಲು ಕೀಳು ಇಲ್ಲದ ಕಾರಣ ಇವು 169 ಬಗೆಗಳಾಗಿ ಅಡಕವಾಗುತ್ತವೆ:

— ಜೋಡಿಗಳು: 13 ಬಗೆ, ಪ್ರತಿಯೊಂದೂ 6 ರೀತಿ, ಒಟ್ಟು 78
— ಒಂದೇ ಜಾತಿಯ ಎರಡು ಎಲೆಗಳು: 78 ಬಗೆ, ಪ್ರತಿಯೊಂದೂ 4 ರೀತಿ, ಒಟ್ಟು 312
— ಬೇರೆ ಜಾತಿಯ ಎರಡು ಎಲೆಗಳು: 78 ಬಗೆ, ಪ್ರತಿಯೊಂದೂ 12 ರೀತಿ, ಒಟ್ಟು 936

ಅತ್ಯುತ್ತಮವಾದ ಎಕ್ಕದ ಜೋಡಿ ಬರುವುದು ಸರಾಸರಿ 221 ಬಾರಿಗೆ ಒಮ್ಮೆ. ಯಾವುದಾದರೊಂದು ಜೋಡಿ ಬರುವುದು 17 ಬಾರಿಗೆ ಒಮ್ಮೆ. ಅಂದರೆ ಹಂಚಿಕೆಯಾಗುವ ಕೈಗಳಲ್ಲಿ ಬಹುಪಾಲು ಸಾಧಾರಣವಾದವೇ ಆಗಿರುತ್ತವೆ. ಉತ್ತಮವಾದುದು ವಿರಳ ಎಂಬ ಅರಿವು ಶ್ರೇಣೀಕರಣದ ಮೊದಲ ಪಾಠ.

ಶ್ರೇಣಿಯ ಪಟ್ಟಿ

ಅಮೆರಿಕದ ಡೇವಿಡ್ ಸ್ಕ್ಲಾನ್‌ಸ್ಕಿ 1976ರಲ್ಲಿ ಈ ಆಟದ ಬಗ್ಗೆ ಪ್ರಕಟಿಸಿದ ಪುಸ್ತಕದಿಂದ ಕೈಗಳನ್ನು ಗುಂಪುಗಳಾಗಿ ವಿಂಗಡಿಸುವ ಕ್ರಮ ಪ್ರಚಾರಕ್ಕೆ ಬಂತು. ಮುಂದೆ ಮೇಸನ್ ಮಾಲ್ಮತ್ ಅವರೊಡಗೂಡಿ ಪರಿಷ್ಕರಿಸಿದ ಪಟ್ಟಿಯ ಮೊದಲ ಮೂರು ಗುಂಪುಗಳು ಹೀಗಿವೆ:

1. ಎಕ್ಕ, ರಾಜ, ರಾಣಿ, ಗುಲಾಮರ ಜೋಡಿಗಳು. ಒಂದೇ ಜಾತಿಯ ಎಕ್ಕ–ರಾಜ.
2. ಹತ್ತರ ಜೋಡಿ, ಒಂದೇ ಜಾತಿಯ ಎಕ್ಕ–ರಾಣಿ, ಎಕ್ಕ–ಗುಲಾಮ, ರಾಜ–ರಾಣಿ, ಬೇರೆ ಜಾತಿಯ ಎಕ್ಕ–ರಾಜ.
3. ಒಂಬತ್ತರ ಜೋಡಿ, ಒಂದೇ ಜಾತಿಯ ಎಕ್ಕ–ಹತ್ತು, ರಾಜ–ಗುಲಾಮ, ರಾಣಿ–ಗುಲಾಮ, ಗುಲಾಮ–ಹತ್ತು, ಬೇರೆ ಜಾತಿಯ ಎಕ್ಕ–ರಾಣಿ.

ಮೂರೂ ಗುಂಪುಗಳನ್ನು ಕೂಡಿಸಿದರೆ 1,326ರಲ್ಲಿ 92 ಕೈಗಳು, ಅಂದರೆ ಶೇ. 7ಕ್ಕಿಂತ ತುಸು ಕಡಿಮೆ. ಒಂಬತ್ತು ಜನರ ಮೇಜಿನಲ್ಲಿ ಎಚ್ಚರಿಕೆಯ ಆಟಗಾರನು ಸಾಮಾನ್ಯವಾಗಿ ಐದರಲ್ಲಿ ನಾಲ್ಕು ಕೈಗಳನ್ನು ಪಣವಿಲ್ಲದೆ ಬಿಟ್ಟುಬಿಡುತ್ತಾನೆ. ಹಾಗೆಂದು ಎಕ್ಕದ ಜೋಡಿಗಾಗಿಯೇ ಕಾದು ಕುಳಿತರೆ ಕಡ್ಡಾಯ ಪಣವೇ ಬಂಡವಾಳವನ್ನು ತಿಂದುಹಾಕುತ್ತದೆ. ಅತಿ ಆಸೆಯಂತೆ ಅತಿ ಅಂಜಿಕೆಯೂ ನಷ್ಟಕರ.

ಪಟ್ಟಿಯನ್ನು ಓದುವಾಗ ವಹಿಸಬೇಕಾದ ಎಚ್ಚರ

ಮೊದಲನೆಯದಾಗಿ, ಎದುರಾಳಿಗಳ ಸಂಖ್ಯೆ. ಎಕ್ಕದ ಜೋಡಿಯು ಯಾವುದೋ ಒಂದು ಕೈಯ ಎದುರು ಸುಮಾರು ಶೇ. 85ರಷ್ಟು ಗೆಲ್ಲುತ್ತದೆ. ನಾಲ್ವರು ಕೊನೆಯವರೆಗೆ ಉಳಿದರೆ ಈ ಪ್ರಮಾಣ ಸುಮಾರು ಶೇ. 56ಕ್ಕೂ, ಎಂಟು ಜನ ಉಳಿದರೆ ಸುಮಾರು ಶೇ. 35ಕ್ಕೂ ಇಳಿಯುತ್ತದೆ. ಆಗಲೂ ಅದೇ ಶ್ರೇಷ್ಠ ಕೈ. ಆದರೆ ‘ಖಚಿತ’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಎರಡನೆಯದಾಗಿ, ಶ್ರೇಣಿಯು ಏಣಿಯಲ್ಲ. ಎರಡರ ಜೋಡಿಯು ಬೇರೆ ಜಾತಿಯ ಎಕ್ಕ–ರಾಜನ ಎದುರು ಅರ್ಧಕ್ಕಿಂತ ತುಸು ಹೆಚ್ಚು ಬಾರಿ ಗೆಲ್ಲುತ್ತದೆ. ಎಕ್ಕ–ರಾಜವು ಒಂದೇ ಜಾತಿಯ ಗುಲಾಮ–ಹತ್ತನ್ನು ಸುಮಾರು ಶೇ. 59ರಷ್ಟು ಬಾರಿ ಸೋಲಿಸುತ್ತದೆ. ಹೀಗಿರುವಾಗ ಎರಡರ ಜೋಡಿ ಗುಲಾಮ–ಹತ್ತನ್ನು ಸೋಲಿಸಬೇಕಲ್ಲವೇ? ಇಲ್ಲ, ಅಲ್ಲಿ ಗುಲಾಮ–ಹತ್ತೇ ಮೇಲುಗೈ ಸಾಧಿಸುತ್ತದೆ. ಯಾವುದು ಉತ್ತಮ ಎಂಬುದು ಎದುರಿಗೆ ಏನಿದೆ ಎಂಬುದನ್ನು ಅವಲಂಬಿಸಿದೆ.

ಮೂರನೆಯದಾಗಿ, ‘ಎರಡನೇ ಉತ್ತಮ’ದ ಅಪಾಯ. ಎಕ್ಕ–ರಾಣಿ ಒಳ್ಳೆಯ ಕೈ. ಆದರೆ ಎದುರಾಳಿಯಲ್ಲಿ ಎಕ್ಕ–ರಾಜವಿದ್ದರೆ ಅದು ಗೆಲ್ಲುವುದು ಸುಮಾರು ನಾಲ್ಕರಲ್ಲಿ ಒಂದು ಬಾರಿ ಮಾತ್ರ. ತೀರ ಕೆಟ್ಟ ಕೈಯನ್ನು ಎಲ್ಲರೂ ಬಿಡುತ್ತಾರೆ. ದೊಡ್ಡ ನಷ್ಟ ಬರುವುದು, ಒಳ್ಳೆಯದೇ ಆದರೂ ಎದುರಾಳಿಗಿಂತ ಒಂದು ಮೆಟ್ಟಿಲು ಕೆಳಗಿರುವ ಕೈಯಿಂದ.

ನಾಲ್ಕನೆಯದಾಗಿ, ಸರದಿಯ ಸ್ಥಾನ. ಕೊನೆಗೆ ನಿರ್ಧರಿಸುವವನಿಗೆ ಉಳಿದವರ ನಡೆ ತಿಳಿದಿರುತ್ತದೆ. ಆದ್ದರಿಂದ ಮೊದಲ ಸ್ಥಾನದಲ್ಲಿ ಬಿಡಬೇಕಾದ ಕೈಯನ್ನೇ ಕೊನೆಯ ಸ್ಥಾನದಲ್ಲಿ ಆಡಬಹುದಾಗಿದೆ.

ಐದನೆಯದಾಗಿ, ಅಲಂಕಾರಕ್ಕೆ ಮರುಳಾಗಬಾರದು. ಎರಡೂ ಎಲೆ ಒಂದೇ ಜಾತಿಯವೆಂಬ ಕಾರಣಕ್ಕೆ ಹೊಸಬರು ಹಿಗ್ಗುತ್ತಾರೆ. ವಾಸ್ತವದಲ್ಲಿ ಇದರಿಂದ ಒದಗುವ ಲಾಭ ಅಲ್ಪ. ಯಾವುದೋ ಒಂದು ಕೈಯ ಎದುರು ಬೇರೆ ಜಾತಿಯ ಎಕ್ಕ–ರಾಜದ ಬಲ ಸುಮಾರು ಶೇ. 65 ಆದರೆ, ಒಂದೇ ಜಾತಿಯದರ ಬಲ ಸುಮಾರು ಶೇ. 67.

ನಮ್ಮ ಮೂರು ತಾಲ್ಲೂಕುಗಳಿಗೆ ಅನ್ವಯ

ಆಳಂದದಲ್ಲಿ ತೊಗರಿ ಮುಖ್ಯ. ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಯೂ ಇದೆ. ಅಫಜಲಪುರದಲ್ಲಿ ಭೀಮಾ ತೀರದ ಕಬ್ಬು ಹಾಗೂ ಹಾವಳಗಾದ ಕಾರ್ಖಾನೆ. ಜೇವರ್ಗಿಯಲ್ಲಿ ಹತ್ತಿ ಮತ್ತು ತೊಗರಿ. ಒಬ್ಬ ವರ್ತಕನ ‘ಆರಂಭಿಕ ಕೈ’ ಎಂದರೆ ಈ ಸರಕುಗಳಷ್ಟೇ ಅಲ್ಲ. ಸರಕು ಒಂದು ಎಲೆಯಾದರೆ, ಅದನ್ನು ಹಿಡಿದಿಡುವ ಶಕ್ತಿ, ಅಂದರೆ ಸ್ವಂತ ಹಣ, ಗೋದಾಮು ಮತ್ತು ಖಾತ್ರಿಯ ಗಿರಾಕಿ, ಇನ್ನೊಂದು ಎಲೆ. ಉತ್ತಮ ತೊಗರಿಯನ್ನು ದುಬಾರಿ ಬಡ್ಡಿಯ ಸಾಲದಿಂದ ಖರೀದಿಸುವ ಸಣ್ಣ ಮಿಲ್ಲಿನವರು, ಅದೇ ತೊಗರಿಯನ್ನು ಸ್ವಂತ ಹಣದಿಂದ ಕೊಂಡು ಅದೇ ಗಿರಾಕಿಗೆ ಮಾರುವ ದೊಡ್ಡ ಮಿಲ್ಲಿನ ಎದುರು ಎಕ್ಕ–ರಾಣಿ ಹಿಡಿದು ಎಕ್ಕ–ರಾಜನನ್ನು ಎದುರಿಸಿದಂತೆ. ಅಂಥವರು ದರದಲ್ಲಿ ಸೆಣಸುವುದಕ್ಕಿಂತ ಬೇರೆ ಗಿರಾಕಿ, ಬೇರೆ ತಳಿ ಅಥವಾ ಬೇರೆ ಸಮಯವನ್ನು ಹುಡುಕುವುದು ಲೇಸು.

‘ಗುಲ್ಬರ್ಗಾ ತೊಗರಿ ಬೇಳೆ’ಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ತೇವಾಂಶ ಹೆಚ್ಚಿರುವ, ಕಸ ಬೆರೆತ ಕಾಳಿಗೆ ಈ ಹೆಸರು ಬೆಲೆ ತಂದುಕೊಡದು. ಒಳ್ಳೆಯ ಸರಕಿಗೆ ಅದು ಹೆಚ್ಚುವರಿ ಬಲ. ಸರಕಿನ ಗುಣಕ್ಕೆ ಬದಲಿಯಲ್ಲ.

ಎಲ್ಲರ ಕೈಯಲ್ಲೂ ಒಂದೇ ಎಲೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2015ರಲ್ಲಿ ತೊಗರಿ ಬೇಳೆಯ ಚಿಲ್ಲರೆ ದರ ಹಲವೆಡೆ ಕಿಲೋಗೆ 200 ರೂಪಾಯಿಯ ಸಮೀಪಕ್ಕೆ ಏರಿತ್ತು. ಆ ದರವನ್ನು ಕಂಡು 2016ರಲ್ಲಿ ದೇಶದಾದ್ಯಂತ ಬಿತ್ತನೆ ಹೆಚ್ಚಿತು. ಬಂಪರ್ ಬೆಳೆ ಬಂದಾಗ ಮಾರುಕಟ್ಟೆ ದರ, ಬೋನಸ್ ಸೇರಿ ಕ್ವಿಂಟಾಲ್‌ಗೆ 5,050 ರೂ. ಇದ್ದ ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು. ಹಿಂದಿನ ವರ್ಷದ ದರವನ್ನೇ ನಂಬಿ ದಾಸ್ತಾನು ಮಾಡಿದವರು, ಮೇಜಿನ ಸುತ್ತ ಎಷ್ಟು ಜನರಿದ್ದಾರೆ ಎಂಬುದನ್ನು ಎಣಿಸಿರಲಿಲ್ಲ.

ಮೇಜಿನ ಮೇಲೆ ಆನಂತರ ತೆರೆಯುವ ಎಲೆಗಳೂ ಇವೆ. 2022ರ ಹಂಗಾಮಿನಲ್ಲಿ ನೆಟೆರೋಗ ತೊಗರಿಯನ್ನು ಒಣಗಿಸಿತು. 2020ರ ಅಕ್ಟೋಬರ್ ಹಾಗೂ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಪ್ರವಾಹ ಅಫಜಲಪುರ, ಜೇವರ್ಗಿಯ ನದಿತೀರದ ಹೊಲಗಳನ್ನು ಮುಳುಗಿಸಿತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ಮತ್ತು ಉದ್ದಿನ ದಾಸ್ತಾನಿಗೆ ಸಗಟು ವರ್ತಕರಿಗೆ 200 ಟನ್ ಮಿತಿ ಹೇರಿ, ಸೆಪ್ಟೆಂಬರ್‌ನಲ್ಲಿ ಅದನ್ನು 50 ಟನ್‌ಗೆ ಇಳಿಸಿತು. ಮೊದಲ ನಿರ್ಧಾರ ಎಷ್ಟೇ ಸರಿಯಿದ್ದರೂ, ಹೊಸ ಎಲೆ ತೆರೆದಾಗ ಮರುಲೆಕ್ಕ ಹಾಕುವುದು ಅನಿವಾರ್ಯ.

ಗೆಲುವಿನ ಸಂಖ್ಯೆ ಬೇರೆ, ಲಾಭ ಬೇರೆ

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ‘ಅ’ ವ್ಯವಹಾರದಲ್ಲಿ ಐದು ಹಂಗಾಮುಗಳ ಪೈಕಿ ನಾಲ್ಕರಲ್ಲಿ ತಲಾ 60,000 ರೂ. ಲಾಭ, ಒಂದರಲ್ಲಿ 2,00,000 ರೂ. ನಷ್ಟ ಎಂದಿಟ್ಟುಕೊಳ್ಳಿ. ಒಟ್ಟು ಉಳಿಯುವುದು 40,000 ರೂ.; ಹಂಗಾಮಿಗೆ ಸರಾಸರಿ 8,000 ರೂ. ‘ಆ’ ವ್ಯವಹಾರದಲ್ಲಿ ಎರಡರಲ್ಲಿ ತಲಾ 1,50,000 ರೂ. ಲಾಭ, ಮೂರರಲ್ಲಿ ತಲಾ 50,000 ರೂ. ನಷ್ಟ. ಒಟ್ಟು ಉಳಿಯುವುದು 1,50,000 ರೂ.; ಸರಾಸರಿ 30,000 ರೂ. ಹೆಚ್ಚು ಬಾರಿ ಗೆದ್ದದ್ದು ‘ಅ’, ಹೆಚ್ಚು ಗಳಿಸಿದ್ದು ‘ಆ’. ಕೈಗಳ ಶ್ರೇಣಿಯನ್ನು ಎಷ್ಟು ಬಾರಿ ಗೆಲ್ಲುತ್ತದೆ ಎಂಬುದರಿಂದಷ್ಟೇ ನಿರ್ಧರಿಸಬಾರದು. ಗೆದ್ದಾಗ ಎಷ್ಟು, ಸೋತಾಗ ಎಷ್ಟು ಎಂಬುದನ್ನೂ ಸೇರಿಸಬೇಕು.

ಇದರೊಡನೆ ಬಂಡವಾಳದ ಪ್ರಶ್ನೆಯೂ ಇದೆ. ರಾಜನ ಜೋಡಿಯ ಎದುರು ಎಕ್ಕದ ಜೋಡಿ ಸುಮಾರು ಶೇ. 82ರಷ್ಟು ಗೆಲ್ಲುತ್ತದೆ. ಇಂಥ ಅನುಕೂಲಕರ ಸ್ಥಿತಿಯಲ್ಲೇ ಮೂರು ಬಾರಿ ಸರ್ವಸ್ವವನ್ನೂ ಪಣವಿಟ್ಟರೆ, ಒಮ್ಮೆಯಾದರೂ ಎಲ್ಲವನ್ನೂ ಕಳೆದುಕೊಳ್ಳುವ ಸಾಧ್ಯತೆ ಸುಮಾರು ಶೇ. 45! ಅತ್ಯುತ್ತಮ ಕೈಗೂ ಇಡೀ ಬಂಡವಾಳವನ್ನು ಒಡ್ಡಬಾರದೆಂಬ ಹಿರಿಯರ ಮಾತಿಗೆ ಇದೇ ಗಣಿತದ ಆಧಾರ.

ಕಾನೂನಿನ ಸ್ಥಿತಿ

ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಪರಿಗಣಿಸಿ, ಮೂರೆಲೆಯಾಟದಂತೆ ಅದು ಕೇವಲ ಅದೃಷ್ಟದ ಆಟವಲ್ಲ ಎಂದಿತು. ಪೋಕರ್ ಕುರಿತು ಅಭಿಪ್ರಾಯಭೇದವಿದೆ. ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲವೆಂಬ ನಿಲುವನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ತಳೆದರೆ, ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನು ಜೂಜೆಂದೇ ಹೇಳಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಆನ್‌ಲೈನ್ ಆಟ ಸಂಬಂಧಿತ ಭಾಗಗಳನ್ನು ನಮ್ಮ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಗೊಳಿಸಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ ಹಾಗೂ 1 ಕೋಟಿ ರೂ.ವರೆಗೆ ದಂಡ ವಿಧಿಸಬಹುದು. ಮೊಬೈಲಿನಲ್ಲಿ ‘ಕೌಶಲದ ಆಟ’ ಎಂದು ಆಮಿಷವೊಡ್ಡುವ ಜಾಹೀರಾತುಗಳ ಬಗ್ಗೆ ಅಂಗಡಿಯ ಗಲ್ಲಾ ನೋಡಿಕೊಳ್ಳುವ ಮನೆಯ ಯುವಕರಿಗೆ ತಿಳಿಹೇಳುವುದು ಹಿರಿಯರ ಹೊಣೆ. ದುಡಿಮೆಯ ಬಂಡವಾಳ ಪಣಕ್ಕೆ ಹರಿದರೆ ಯಾವ ಶ್ರೇಣಿಯ ಪಟ್ಟಿಯೂ ಅದನ್ನು ಮರಳಿ ತಾರದು.

ಖರೀದಿಗೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಇದೇ ಸರಕಿಗೆ ಇನ್ನೆಷ್ಟು ಜನ ಕೈ ಹಾಕಿದ್ದಾರೆ?
2. ನನ್ನಂತೆಯೇ ವ್ಯಾಪಾರ ಮಾಡುವ, ಆದರೆ ನನಗಿಂತ ಅಗ್ಗದ ಹಣವುಳ್ಳವರು ಎದುರಿಗಿದ್ದಾರೆಯೇ?
3. ಇ-ಟೆಂಡರಿನ ಎರಡು ದಿನಗಳ ದರ ನೋಡಿ ನಿರ್ಧರಿಸುವ ಅವಕಾಶವಿದೆಯೇ, ಇಂದೇ ನಿರ್ಧರಿಸಲೇಬೇಕೇ?
4. ಗೆದ್ದರೆ ಎಷ್ಟು, ಸೋತರೆ ಎಷ್ಟು? ಕಾಯುವ ವೆಚ್ಚ ತಿಂಗಳಿಗೆ ಎಷ್ಟು?
5. ಪೂರ್ತಿ ನಷ್ಟವಾದರೂ ಮುಂದಿನ ಹಂಗಾಮಿಗೆ ಅಂಗಡಿ ತೆರೆದಿರುವುದೇ?

ವರ್ತಕ ಬಾಂಧವರು ಕಳೆದ ಐದು ಹಂಗಾಮುಗಳ ತಮ್ಮ ಲೆಕ್ಕಪುಸ್ತಕವನ್ನು ತೆರೆದು, ಪ್ರತಿ ದೊಡ್ಡ ಖರೀದಿಯ ಮುಂದೆ ಈ ಐದು ಉತ್ತರಗಳನ್ನು ಬರೆದು ನೋಡಬೇಕು. ನಷ್ಟ ತಂದದ್ದು ದುರದೃಷ್ಟವೋ, ಬಿಡಬೇಕಾಗಿದ್ದ ಕೈಯನ್ನು ಹಿಡಿದದ್ದೋ ಎಂಬುದು ಆಗ ಸ್ಪಷ್ಟವಾಗುತ್ತದೆ. ಮುಂಬರುವ ಹಂಗಾಮಿನ ಖರೀದಿಯನ್ನು ಈ ತಿಳಿವಿನಿಂದ ಆರಂಭಿಸುವುದು ಹಿತಕರ.